ತಿರುಗಿ ಹೋದವರ ಬಟ್ಟಲು

ರೊಟ್ಟಿ ಬಡಿಯಲು ಕೂತರೆ ಲಕ್ಕವ್ವ ನೂರು ಮುಗಿಯುವ ಮುನ್ನ ಏಳುವವಳಲ್ಲ. ಇಂಡಿಯಿಂದ ಸಿಂದಗಿಗೆ ಹೋಗುವ ರಸ್ತೆಯ ಮೇಲಿನ ಹಳ್ಳಿ ಅವಳದು. ರಸ್ತೆಗೆ ಮುಖ ಮಾಡಿದ ಪಡಸಾಲೆಯಲ್ಲೇ ಒಲೆ. ಇಂಡಿಯ ಖಾನಾವಳಿಯವರು ಬಂದು ರೊಟ್ಟಿ ಒಯ್ಯುತ್ತಾರೆ. ಅಂಚು ಚೂರು ಹರಿದಿದ್ದರೂ ಆ ರೊಟ್ಟಿಯನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ, ಪಕ್ಕಕ್ಕೆ ಇಡುತ್ತಾಳೆ. ಅಕ್ಷರ ಬಾರದ ಅರವತ್ತೆಂಟರ ಹೆಂಗಸು, ನಿಜ. ಆದರೆ ಲೆಕ್ಕದಲ್ಲಿ ಅವಳನ್ನು ಏಮಾರಿಸುವವರು ಇನ್ನೂ ಹುಟ್ಟಿಲ್ಲ.

ರಸ್ತೆಯ ಆಚೆ ಶಮಶಾದಬಿಯ ಮನೆ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ಅಂದಿನಿಂದ ಸಂಜೆಯ ಚಹಾ ಒಟ್ಟಿಗೆ ಕುಡಿದವರು. ಆಗ ರಸ್ತೆ ಒಂದು ಚಕ್ಕಡಿ ಹಾಯುವಷ್ಟು ಅಗಲವಿತ್ತು. ಈಗ ಅಗಲವಾಗಿದೆ, ನುಣುಪಾಗಿದೆ. ಅದರ ಮೇಲೆ ಹಾರಿ ಹೋಗುವವರಿಗೆ ಇಲ್ಲೊಂದು ಊರಿದೆ ಎಂಬುದೇ ಗೊತ್ತಾಗುವುದಿಲ್ಲ. ಹೋದ ರಂಜಾನ್ ಹಬ್ಬದ ದಿನ ಗೆಳತಿಗೆಂದು ಶಾವಿಗೆಯ ಸುರಕುಂಬಾ ತರುತ್ತಿದ್ದ ಶಮಶಾದಬಿಗೆ ಮೋಟಾರ್ ಸೈಕಲ್ಲೊಂದು ಬಡಿದು ತೊಡೆಯ ಎಲುಬು ಮುರಿಯಿತು. ಎಲುಬೇನೋ ಕೂಡಿತು. ಆದರೆ ಇನ್ನು ರಸ್ತೆಗೆ ಕಾಲಿಡುವುದಿಲ್ಲವೆಂದು ಮಗ ಅಫ್ತಾಬ ತಾಯಿಯಿಂದ ಆಣೆ ಮಾಡಿಸಿಕೊಂಡ. ಇತ್ತ ಲಕ್ಕವ್ವನಿಗೆ ಮೊಣಕಾಲು ನೋವು; ಗೋಡೆ ಹಿಡಿಯದೆ ಏಳಲಾಗುವುದೇ ಇಲ್ಲ.

ಅಂದಿನಿಂದ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು, ಒಬ್ಬರನ್ನೊಬ್ಬರು ನೋಡುತ್ತ, ಮೊಬೈಲಿನಲ್ಲಿ ಮಾತಾಡುತ್ತಾರೆ. ನಡುವೆ ಲಾರಿ ಬಂದರೆ ಮಾತು ಇರುತ್ತದೆ, ಮುಖ ಇರುವುದಿಲ್ಲ.

ದೀಪಾವಳಿ ಮುಗಿದ ವಾರ ಲಕ್ಕವ್ವ ಓಣಿಯ ಹೆಂಗಸರನ್ನು ಕಟ್ಟಿಕೊಂಡು, ತನ್ನ ಮನೆಯ ಮಗ್ಗುಲಲ್ಲೇ ಇದ್ದ ಪಂಚಾಯತಿಗೆ ಹೋದಳು. ರಸ್ತೆ ದಾಟಲು ಬಿಳಿ ಪಟ್ಟಿ ಬೇಕು, ಗಾಡಿಗಳ ಸೊಕ್ಕು ಮುರಿಯಲು ಹಂಪ್ ಬೇಕು ಎಂದಳು. ಅಲ್ಲಿನ ಅಧಿಕಾರಿ ಹರೆಯದ ಹೆಣ್ಣುಮಗಳು. ಕುರ್ಚಿ ಕೊಟ್ಟು ಕೂರಿಸಿದಳು.

"ಆಯಿ, ರಸ್ತೆ ನಮ್ಮ ಕೈಯಾಗಿಲ್ರಿ. ಮ್ಯಾಲಿನ ಇಂಜಿನಿಯರಿಗೆ ಬರೀಬೇಕು. ದಿನಕ್ಕ ಎಷ್ಟ ಮಂದಿ ದಾಟ್ತಾರ ಅಂತ ಕೇಳ್ತಾರ. ಮೂರು ದಿನದ ಲೆಕ್ಕ ತಂದ ಕೊಡ್ರಿ."

"ಅಷ್ಟ ಹೌದಿಲ್ರಿ? ತರ್ತೇನಿ," ಎಂದಳು ಲಕ್ಕವ್ವ.

ಮರುದಿನ ಒಲೆಯ ಪಕ್ಕಕ್ಕೆ ಒಂದು ಬೋಗುಣಿ ಬಂತು. ಒಬ್ಬರು ದಾಟಿದರೆ ಅದಕ್ಕೊಂದು ಕಡಲೆ ಕಾಳು. ಹೊತ್ತೇರುವಷ್ಟರಲ್ಲಿ ಒಬ್ಬ ಮುದುಕ ರಸ್ತೆಯಂಚಿಗೆ ಬಂದು, ಎರಡು ಸಲ ಕಾಲಿಟ್ಟು, ಹಿಂದೆಗೆದು, ಬಂದ ದಾರಿಯಲ್ಲೇ ಮನೆಗೆ ಹೋದ. ಇವನನ್ನೆಲ್ಲಿ ಹಾಕುವುದು? ದಾಟಿದವನಲ್ಲ, ದಾಟುವ ಕೆಲಸ ಇಲ್ಲದವನೂ ಅಲ್ಲ. ಹರಿದ ರೊಟ್ಟಿಯ ಹಾಗೆ ಅವನನ್ನೂ ಪಕ್ಕಕ್ಕೆ, ಒಂದು ಸಣ್ಣ ಬಟ್ಟಲಿಗೆ ಹಾಕಿದಳು.

ರೊಟ್ಟಿ ಮುಗಿದ ಮೇಲೆ ಸಂಜೆ ಒಂದಿಷ್ಟು ಗೋಡೆಗೊರಗಿ ಕಣ್ಣು ಮುಚ್ಚುವುದು ಲಕ್ಕವ್ವನ ರೂಢಿ. ಅಂದು ಲೆಕ್ಕಕ್ಕಾಗಿ ಎಚ್ಚರವಿದ್ದಳು. ಆಚೆ ಮನೆಯಿಂದ ಶಮಶಾದಬಿ ಕೋಲೂರಿಕೊಂಡು ಬಂದಳು. ಅಂಚಿನಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು. ಈ ಕಡೆಯ ಬಾಗಿಲನ್ನೇ ನೋಡಿದಳು; ಪಡಸಾಲೆಯ ನೆರಳಲ್ಲಿ ಕೂತ ಗೆಳತಿ ಕಾಣಲಿಲ್ಲವೇನೋ. ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಅವಳು ತಿರುಗಿ ಹೋದಳು.

ಮರುದಿನವೂ ಅದೇ ಹೊತ್ತಿಗೆ ಬಂದಳು, ಅದರ ಮರುದಿನವೂ. ಫೋನಿನಲ್ಲಿ ಮಾತ್ರ, "ನನಗೇನ ಆ ಕಡೆ ಬರೂ ಮನಸ ಆಗಂಗಿಲ್ಲ ಬಿಡ. ಮನ್ಯಾಗ ಆರಾಮ ಅದೀನಿ," ಎನ್ನುತ್ತಿದ್ದಳು. ಲಕ್ಕವ್ವ "ಹೂಂ" ಎಂದಳು. ಸಣ್ಣ ಬಟ್ಟಲಿಗೆ ಅಂದಂದಿನ ಕಾಳು ಹಾಕಿದಳು.

ನಾಲ್ಕನೆಯ ದಿನ ಬೆಳಗ್ಗೆ ಎದ್ದರೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಬೋಗುಣಿ ಖಾಲಿ.

"ಕಡ್ಲಿ ನೆನಿಹಾಕೂದ ಮರತೀರಿ ಅಂತ ನಾನ ನೆನಿಹಾಕಿದ್ನಿರಿ ಅತ್ತಿ. ಉಸುಳಿ ಮಾಡೇನಿ," ಎಂದಳು ಸೊಸೆ ಭುವನೇಶ್ವರಿ.

"ಊರ ಮಂದೀನೆಲ್ಲಾ ಕುದಿಸಿಬಿಟ್ಟಿಯಲ್ಲ ಯವ್ವಾ!" ಲಕ್ಕವ್ವ ಹಣೆ ಬಡಿದುಕೊಂಡಳು. ಮೊಮ್ಮಕ್ಕಳು ಆಗಲೇ ಅರ್ಧ ಊರನ್ನು ತಿಂದು ಮುಗಿಸಿದ್ದರು.

ಉಳಿದದ್ದು ಸಣ್ಣ ಬಟ್ಟಲು. ನಾಚಿಕೆಯಿಂದಲೇ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಂಚಾಯತಿಗೆ ಹೋದಳು. ಉಸುಳಿಯ ಕಥೆ ಕೇಳಿ ಅಧಿಕಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, ಈ ಬಟ್ಟಲೇನು ಎಂದು ಕೇಳಿದಳು.

"ಇವರು ತಿರಿಗಿ ಹೋದವರ್ರಿ. ಅಂಚಿಗಿ ಬಂದು, ಅಂಜಿ, ಹೊಳ್ಳಿ ಮನಿಗಿ ಹೋದವರು. ನೀವು ದಾಟಿದವರ ಲೆಕ್ಕ ಕೇಳಿದ್ರಿ. ಕಾಲಾಗ ಕಸುವು ಇದ್ದವರು ಹೆಂಗರ ದಾಟ್ತಾರ. ಪಟ್ಟಿ ಬೇಕಾಗಿದ್ದು ಇವರಿಗಿ." ಬಟ್ಟಲನ್ನು ಮುಂದೆ ಸರಿಸಿ ಹೇಳಿದಳು, "ಇದರಾಗ ಮೂರು ಕಾಳ ನಮ್ಮ ಶಮಶಾದರಿ."

ಅಧಿಕಾರಿ ಈಗ ನಗಲಿಲ್ಲ. ಕಾಳುಗಳನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ಎಣಿಸಿದಳು. ನಲವತ್ತೊಂದು. ಅದನ್ನೇ ಬರೆದುಕೊಂಡಳು. ದಾಟುವವರನ್ನು ಎಣಿಸಲು ತನ್ನ ಆಫೀಸಿನವನೊಬ್ಬನನ್ನು ಕಳಿಸಿದಳು. ಅಂದು ಸಂಜೆ ತಾನೇ ಬಂದು ಲಕ್ಕವ್ವನ ಪಡಸಾಲೆಯಲ್ಲಿ ಕೂತಳು. ಆಚೆ ಶಮಶಾದಬಿ ಬಂದು, ನಿಂತು, ತಿರುಗಿ ಹೋದದ್ದನ್ನು ಕಣ್ಣಾರೆ ಕಂಡಳು.

ಕಾಗದ ಹೋಗಿ, ಕಾಗದ ಬಂದು, ಪಟ್ಟಿ ಎಳೆಯುವಷ್ಟರಲ್ಲಿ ಮಾಘ ಬಂತು. ಎರಡೂ ಬದಿಗೆ ಹಂಪ್ ಎದ್ದವು. ಬಣ್ಣ ಒಣಗಿದ ಸಂಜೆ ಅಫ್ತಾಬನೇ ಆಣೆ ಬಿಡಿಸಿ, ತಾಯಿಯ ರಟ್ಟೆ ಹಿಡಿದು, ಇನ್ನೊಂದು ಕೈ ಎತ್ತಿದ. ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರ್ ನಿಧಾನವಾಗಿ, ನಿಂತೇಬಿಟ್ಟಿತು.

ಲಕ್ಕವ್ವ ಗೋಡೆ ಹಿಡಿದು ಎದ್ದಳು. ಶಮಶಾದಬಿ ಮೆಟ್ಟಿಲು ಹತ್ತಿ, ಕೋಲನ್ನು ಮಗನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಗೆಳತಿಯ ಗಲ್ಲ ಹಿಡಿದಳು. ತಿಂಗಳುಗಟ್ಟಲೆ ರಸ್ತೆಯಾಚೆಯಿಂದ ನೋಡಿದ ಮುಖವನ್ನು ಬಹಳ ಹೊತ್ತು ನೋಡಿದಳು.

"ಎಷ್ಟ ಸೊರಗೀಯಲ್ಲ ಲಕ್ಕವ್ವ," ಎಂದಳು. "ಅಲ್ಲಿಂದ ಕಾಣತಿದ್ದಿಲ್ಲ ನೋಡ."