ಜಗನ್ನಾಥರು ಎಳೆದ ಕಾಣದ ತಂತಿ

ಲಂಡನ್ನಿನ ಗ್ರೀನ್‌ಫರ್ಡಿನ ಜಗನ್ನಾಥರು ಹಾವೇರಿ ಕಡೆಯ ಹಳ್ಳಿಯವರು. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, 1992ರಲ್ಲಿ ಹೆಂಡತಿ ರಜನಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದರು. ಮೊದಲ ಎರಡು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು. ಆಮೇಲೆ ಟೆಲಿಫೋನ್ ಲೈನು ರಿಪೇರಿ ಮಾಡುವ ಒಂದು ಗುತ್ತಿಗೆ ಕಂಪನಿ ಸೇರಿದರು. 2001ರಿಂದ ಮನೆಮನೆಗೆ ಬ್ರಾಡ್‌ಬ್ಯಾಂಡ್ ಹಾಕುವುದೇ ಅವರ ದಿನದ ಕೆಲಸವಾಯಿತು. ಬೆಳಿಗ್ಗೆ ಏಣಿ ಕಟ್ಟಿದ ವ್ಯಾನ್ ಹೊರಟರೆ ಸಂಜೆಯೊಳಗೆ ಆರೇಳು ಮನೆಗಳಿಗೆ ಇಂಟರ್ನೆಟ್ ಬಂದಿರುತ್ತಿತ್ತು.

ಅದೇ ಹೊತ್ತಿನಲ್ಲಿ ಹಾವೇರಿ ಕಡೆಯ ಅವರ ಊರಿನ ಆಸ್ಪತ್ರೆಯ ಡಾಕ್ಟರ್ ಸತ್ಯನಾರಾಯಣ ಒಂದು ಎಕ್ಸ್‌ರೇ ಚಿತ್ರ ಕಳಿಸಲು ಟೆಲಿಫೋನ್ ಲೈನಿನ ಮೇಲೆ ಒಂದು ಗಂಟೆ ಕಾಯುತ್ತಿದ್ದರು. ಮುಕ್ಕಾಲು ಪಾಲು ಹೋದ ಮೇಲೆ ಲೈನು ಕಡಿದುಹೋಗಿ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಆ ಚಿತ್ರಗಳನ್ನು ನೋಡಿ ಸಲಹೆ ಹೇಳುತ್ತಿದ್ದವರು ಲಂಡನ್ನಿನದೇ ಸಟನ್‌ನಲ್ಲಿದ್ದ ಎಕ್ಸ್‌ರೇ ತಜ್ಞೆ, ಧಾರವಾಡದ ಡಾಕ್ಟರ್ ಮೈತ್ರೇಯಿ. ತಿಂಗಳಿಗೆ ನಾಲ್ಕು ಚಿತ್ರ ಪೂರ್ತಿ ತಲುಪಿದರೆ ಹೆಚ್ಚು. ಉಳಿದ ರೋಗಿಗಳು ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗುತ್ತಿದ್ದರು, ಹೋಗಲಾಗದವರು ನೋವು ನುಂಗಿಕೊಂಡು ಮನೆಯಲ್ಲೇ ಇರುತ್ತಿದ್ದರು.

ಹಾವೇರಿ ಪಟ್ಟಣಕ್ಕೆ ಬ್ರಾಡ್‌ಬ್ಯಾಂಡ್ ಬಂತೆಂದು ತಿಳಿದ ದಿನ ಜಗನ್ನಾಥರು ಮೈತ್ರೇಯಿಯವರಿಗೆ ಫೋನ್ ಮಾಡಿದರು. “ಮೇಡಂ, ಅಲ್ಲಿಂದ ನಮ್ಮೂರಿಗೆ ಇಪ್ಪತ್ತೈದು ಕಿಲೋಮೀಟರ್. ತಂತಿ ಎಳಿಯೂದು ಬ್ಯಾಡ. ಎರಡೂ ಕಡಿ ಎತ್ತರದಾಗ ಒಂದೊಂದು ಆಂಟೆನಾ ಇಟ್ಟು ಮುಖಾಮುಖಿ ಮಾಡಿದ್ರ ಸಾಕು, ಗಾಳಿಯೊಳಗ ಹೋಗ್ತದ.”

ಇದಕ್ಕೆ ಹಣ ಕೊಡಲು ಇಲ್ಲಿನ ಕನ್ನಡ ವೈದ್ಯರ ಬಳಗ ಒಪ್ಪಬೇಕಿತ್ತು. ಬಳಗದ ಅಧ್ಯಕ್ಷರು ಮೈಸೂರಿನ ಹೃದಯತಜ್ಞ ಡಾಕ್ಟರ್ ನಾರಾಯಣಸ್ವಾಮಿ. “ಗಾಳಿಯಲ್ಲಿ ಎಕ್ಸ್‌ರೇ ಹಾರಿಸ್ತೀನಿ ಅಂತೀರಲ್ಲ, ಮೊದಲು ಇಲ್ಲೇ ಹಾರಿಸಿ ತೋರಿಸಿ. ಆಗದಿದ್ದರೆ ಈ ಮಾತು ಬಿಟ್ಟು ಬೇರೆ ಕೆಲಸ ನೋಡೋಣ” ಎಂದುಬಿಟ್ಟರು. ಪ್ರದರ್ಶನಕ್ಕೆ 2006ರ ಮೇ ತಿಂಗಳ ಒಂದು ಶನಿವಾರ ನಿಗದಿಯಾಯಿತು.

ಜಗನ್ನಾಥರು ಫೆಬ್ರವರಿಯಲ್ಲೇ ತಯಾರಿ ಮುಗಿಸಿದ್ದರು. ಬಾಣಲೆಯಂಥ ಒಂದು ಆಂಟೆನಾ ಅವರ ಮನೆಯ ಚಿಮಣಿಗೆ, ಅಂಥದ್ದೇ ಇನ್ನೊಂದು ಹ್ಯಾರೋ ಗುಡ್ಡದ ಮೇಲೆ ಸುಧೀರ್‌ನ ಫ್ಲಾಟಿನ ಬಾಲ್ಕನಿಗೆ. ಸುಧೀರ್ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸದವನು. ಎರಡು ಮೈಲಿ ದೂರದ ಅವನ ಕಂಪ್ಯೂಟರಿನಿಂದ ಚಿತ್ರ ಕಣ್ಣು ಮಿಟುಕಿಸುವುದರೊಳಗೆ ಬಂದು ಬಿದ್ದಿತ್ತು. ಮೂರು ಸಲ ನೋಡಿ, ನಟ್ಟು ಬೋಲ್ಟು ಬಿಗಿ ಮಾಡಿ, ಜಗನ್ನಾಥರು ಮೇವರೆಗೂ ಅದರ ತಂಟೆಗೆ ಹೋಗಲಿಲ್ಲ. ಸರಿಯಾಗಿ ಕೂತ ಲೈನನ್ನು ಮುಟ್ಟಬಾರದು ಎನ್ನುವುದು ಕಂಬ ಹತ್ತುವವರ ರೂಢಿ.

ಶನಿವಾರ ಹದಿನೆಂಟು ಮಂದಿ ಡಾಕ್ಟರುಗಳು ಅವರ ಮುಂದಿನ ಕೋಣೆಯಲ್ಲಿ ಸೇರಿದರು. ರಜನಿ ಒಗ್ಗರಣೆ ಅವಲಕ್ಕಿ ಕೊಟ್ಟರು. ಜಗನ್ನಾಥರು ಗುಂಡಿ ಒತ್ತಿದರು. ಪರದೆಯ ಮೇಲೆ ಏನೂ ಬರಲಿಲ್ಲ.

“ಸುಧೀರ್, ಆನ್ ಐತೇನೊ?”

“ಐದು ಸಲ ನೋಡ್ದೆ ಸಾರ್, ಎಲ್ಲಾ ಆನ್ ಇದೆ” ಎಂದ ಸುಧೀರ್ ಫೋನಿನಲ್ಲಿ.

ಜಗನ್ನಾಥರು ಏಣಿ ಹಾಕಿ ಛಾವಣಿ ಹತ್ತಿದರು. ಆಂಟೆನಾ ಕದಲಿರಲಿಲ್ಲ, ಕೇಬಲ್ಲು ನೆಟ್ಟಗಿತ್ತು. ಇಳಿದು ಬಂದು ಆಂಟೆನಾಗೆ ಜೋಡಿಸಿದ್ದ ರೇಡಿಯೊ ಪೆಟ್ಟಿಗೆ ಬದಲಿಸಿದರು. ಆಗಲೂ ಇಲ್ಲ.

“ಅವಲಕ್ಕಿ ಬೇಗ ಬಂತು ಕಣ್ರೀ, ಎಕ್ಸ್‌ರೇನೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ” ಎಂದರು ನಾರಾಯಣಸ್ವಾಮಿ. ಕೋಣೆ ನಕ್ಕಿತು. ಅವರು ಕೋಟು ಕೈಗೆತ್ತಿಕೊಂಡರು. ಮೈತ್ರೇಯಿ ಮಾತ್ರ, “ಇನ್ನೊಂದು ಹತ್ತು ನಿಮಿಷ ಕೂಡ್ರಿ ಸರ್. ಅಲ್ಲಿ ಪೇಶಂಟು ವಾರಗಟ್ಟಲೆ ಕಾಯ್ತಾರ” ಎಂದರು. ನಾರಾಯಣಸ್ವಾಮಿ ಕೋಟು ಮಡಿಲಲ್ಲಿ ಇಟ್ಟುಕೊಂಡೇ ಕುಳಿತರು.

ಹಿತ್ತಲಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದ ಗಂಡನ ಹತ್ತಿರ ರಜನಿ ಬಂದರು.

“ರೀ, ಫೆಬ್ರವರಿಯಾಗ ಆಂಟೆನಾ ಹ್ಯಾಂಗ ಗುರಿ ಹಿಡಿದ್ರಿ?”

“ಹ್ಯಾರೋ ಚರ್ಚಿನ ಗೋಪುರ ನೋಡ್ಕೊಂಡು. ಅದರ ಬಾಜೂನ ಸುಧೀರನ ಮನಿ.”

“ಈಗ ಗೋಪುರ ತೋರಸ್ರಿ ನೋಡೋಣು.”

ಜಗನ್ನಾಥರು ತಲೆಯೆತ್ತಿದರು. ಗೋಪುರ ಎಲ್ಲೂ ಇರಲಿಲ್ಲ. ಹಿತ್ತಲಿನಾಚೆಯ ದೊಡ್ಡ ಮರಗಳು ಮೈತುಂಬ ಚಿಗುರಿ ಹಸಿರು ಗೋಡೆ ಕಟ್ಟಿದ್ದವು. ಫೆಬ್ರವರಿಯಲ್ಲಿ ಅವು ಬರೀ ಕಡ್ಡಿಗಳಾಗಿದ್ದವು. ಊರಿನಲ್ಲಿ ಬೇವು, ಮಾವು, ಹುಣಸೆಗಳು ಚಳಿಗಾಲದಲ್ಲೂ ಎಲೆ ಹೊತ್ತು ನಿಲ್ಲುವುದನ್ನು ನೋಡಿ ಬೆಳೆದವರು ಅವರು. ಇಲ್ಲಿ ಹದಿನಾಲ್ಕು ವರ್ಷ ಎಲೆ ಗುಡಿಸಿದ್ದರೂ, ಬಯಲಾಗಿ ಕಂಡ ದಾರಿ ಮೂರು ತಿಂಗಳಿಗೆ ಮುಚ್ಚಿಹೋಗುತ್ತದೆಂದು ಅವರ ತಲೆಗೆ ಹೊಳೆದಿರಲಿಲ್ಲ. ತಾಮ್ರದ ತಂತಿಗೆ ಎಲೆಯ ಹಂಗಿಲ್ಲ. ಗಾಳಿಯಲ್ಲಿ ಹೋಗುವ ಅಲೆಯನ್ನು ಹಸಿ ಎಲೆ ಹೀರಿಕೊಳ್ಳುತ್ತದೆ.

“ಓದಿದ್ದೆ ರಜನಿ. ಪುಸ್ತಕದಾಗ ಓದಿದ್ದೆ” ಎಂದು ಅವರು ಹಣೆ ಬಡಿದುಕೊಂಡರು.

“ಹಣಿ ಆಮ್ಯಾಲೆ ಬಡ್ಕೊಳ್ರಿ. ಮೂಲಿಮನಿ ಐರಿಷ್ ಅಜ್ಜಿಗೆ ನಾ ದಿನಾ ಇನ್ಸುಲಿನ್ ಕೊಡಾಕ ಹೋಗ್ತೀನಲ್ಲ, ಆಕಿ ಮಾಳಿಗಿ ಕಿಟಕಿಯಿಂದ ಗೋಪುರ ಇವತ್ತು ಮುಂಜಾನೆನೂ ಕಂಡದ. ಆ ಕಡೆ ಗಿಡ ಇಲ್ಲ.”

ಮುಂದಿನ ಹತ್ತು ನಿಮಿಷ ಆ ಬೀದಿಯವರು ಮರೆತಿರಲಾರರು. ಜಗನ್ನಾಥರು ಚಿಮಣಿಯಿಂದ ಆಂಟೆನಾ ಬಿಚ್ಚಿ, ಹೆಗಲ ಮೇಲಿಟ್ಟುಕೊಂಡು ಓಡಿದರು. ರಜನಿ ಮುಂದೆ ಹೋಗಿ ಅಜ್ಜಿಯನ್ನು ಒಪ್ಪಿಸಿದರು. ಮಕ್ಕಳ ಡಾಕ್ಟರುಗಳಿಬ್ಬರು ವ್ಯಾನಿನಿಂದ ಕೇಬಲ್ ಸುರುಳಿ ತಂದು ಐದು ಹಿತ್ತಲ ಬೇಲಿಗಳ ಮೇಲೆ ಬಿಚ್ಚುತ್ತ ಹೋದರು. ಅಜ್ಜಿ ತನ್ನ ಹೂದಾನಿ ಸರಿಸಿ, ಕಿಟಕಿ ತೆರೆದು, ಆಂಟೆನಾ ನಿಲ್ಲಿಸಲು ಒಂದು ಸ್ಟೂಲು ಕೊಟ್ಟಳು.

ನಾರಾಯಣಸ್ವಾಮಿ ಕೈಗಡಿಯಾರ ನೋಡುತ್ತಿದ್ದಾಗ ಪರದೆಯ ಮೇಲೆ ಬೆಳ್ಳಗೆ ಒಂದು ಎದೆಗೂಡು ಮೂಡಿತು. ಪಕ್ಕೆಲುಬುಗಳನ್ನು ಎಣಿಸಬಹುದಾದಷ್ಟು ನಿಚ್ಚಳವಾಗಿತ್ತು. ಅದರ ಬೆನ್ನಿಗೇ ಎರಡನೆಯದು, ಮೂರನೆಯದು. ಮೈತ್ರೇಯಿ ಕುರ್ಚಿ ಎಳೆದುಕೊಂಡು ಅಲ್ಲೇ ಓದಲು ಕುಳಿತರು.

“ಏನಾಗಿತ್ತು ಜಗನ್ನಾಥ್?” ಎಂದು ನಾರಾಯಣಸ್ವಾಮಿ ಕೇಳಿದರು.

ಜಗನ್ನಾಥರು ಮುಚ್ಚಿಡಲಿಲ್ಲ. “ನಂದ ತಪ್ಪು ಸರ್. ಎಲಿ ಇಲ್ಲದಾಗ ದಾರಿ ಅಳದಿದ್ದೆ. ಊರಾಗ ಮಳಿಗಾಲದಾಗ ಹೋಗಿ ಅಳೀತೀನಿ, ಎಲ್ಲಾ ಹಸರಾಗಿ ನಿಂತಿರ್ತದ.”

ನಾರಾಯಣಸ್ವಾಮಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, “ತಪ್ಪು ಯಾಕಾಯ್ತು ಅಂತ ಗೊತ್ತಿರೋ ಮನುಷ್ಯನ ಕೈಲಿ ನಾನು ಆಪರೇಷನ್ ಕೂಡ ಮಾಡಿಸ್ಕೋತೀನಿ. ಹೋಗಿ ಬನ್ನಿ” ಎಂದರು. ಹದಿನೆಂಟು ಕೈಗಳೂ ಮೇಲೆದ್ದವು.

ಆಗಸ್ಟಿನಲ್ಲಿ ಜಗನ್ನಾಥರು ರಜೆ ಹಾಕಿ ಹೋದರು. ಕೊಡೆ ಹಿಡಿದು ಊರ ಪಕ್ಕದ ಗುಡ್ಡ ಹತ್ತಿ, ತೇಗದ ತೋಪಿನ ತುದಿ ನೋಡಿ, ಆಂಟೆನಾ ಕಂಬದ ಅಳತೆಗೆ ಇನ್ನೂ ಮೂವತ್ತು ಅಡಿ ಸೇರಿಸಿದರು. ಪರವಾನಗಿ ಕಾಗದಗಳು ಮುಗಿದು, ಜನವರಿಯಲ್ಲಿ ಆಂಟೆನಾಗಳು ನಿಂತವು.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ, ಸಟನ್‌ನಲ್ಲಿ ಮೈತ್ರೇಯಿಯವರ ಮನೆಯಲ್ಲಿ ಮೊದಲ ರೋಗಿಯ ಚಿತ್ರಕ್ಕಾಗಿ ಎಲ್ಲರೂ ಕುಳಿತಿದ್ದರು. ಬೈಕಿನಿಂದ ಬಿದ್ದ ಹೆಂಗಸೊಬ್ಬರ ಸೊಂಟ. ಒಂದು ನಿಮಿಷದೊಳಗೆ ಚಿತ್ರ ಪೂರ್ತಿ ಬಂತು.

“ಮುರಿದಿಲ್ಲ ಡಾಕ್ಟರೇ, ಸಣ್ಣ ಬಿರುಕು ಅದ ಅಷ್ಟ. ಹುಬ್ಬಳ್ಳಿಗೆ ಕಳಸೂದು ಬ್ಯಾಡ” ಎಂದರು ಮೈತ್ರೇಯಿ.

ಅತ್ತಲಿಂದ ಸತ್ಯನಾರಾಯಣರ ನಗು ಕೇಳಿಸಿತು. “ಮೇಡಂ, ಪೇಶಂಟ್ ಇನ್ನೂ ಟೇಬಲ್ ಮ್ಯಾಲಿಂದ ಇಳಿದಿಲ್ಲ! ಹೊರಗ ಇನ್ನೂ ಎಂಟು ಮಂದಿ ಕುಂತಾರ. ಜಗಣ್ಣಾ, ಎಲ್ಲಾ ಒಮ್ಮೆಲೇ ಕಳಸ್ಲೇನು?”

ಜಗನ್ನಾಥರು ಮೈಕನ್ನು ಹೆಂಡತಿಯತ್ತ ತಿರುಗಿಸಿದರು. ರಜನಿಯೇ ಮೈಕಿಗೆ ಬಾಗಿ ಹೇಳಿದರು: “ಕಳಸ್ರಿ ಸರ್. ಎಂಟಲ್ಲ, ಎಂಬತ್ತಿದ್ರೂ ಕಳಸ್ರಿ.”