ರೋಮಿನಿಂದ ವೆನಿಸ್ಸಿಗೆ ನನ್ನ ಒಳದಾರಿ

ಇಟಲಿಯಲ್ಲಿ ನಡೆಯುವ ಹಳೆಯ ಪ್ರೇಮದ ಸಿನಿಮಾವೊಂದನ್ನು ಹನ್ನೊಂದು ಸಲ ನೋಡಿದವನು ಇಡೀ ಗಂಗಾವತಿಗೆ ನಾನೊಬ್ಬನೇ. ಅದೇ ಧೈರ್ಯದ ಮೇಲೆ, ಇಟಲಿ ಸುತ್ತಿ ಬಂದವನೆಂದು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಎಲ್ಲರನ್ನೂ ನಂಬಿಸಿದ್ದೆ. ಆನೆಗೊಂದಿ ನೋಡಲು ಬಂದ ಇಟಲಿಯ ಹೆಣ್ಣುಮಗಳು ಒಂದು ದಿನ ಅಲ್ಲಿಗೇ ಚಹಾ ಕುಡಿಯಲು ಬರಬೇಕೆ!

"ಮಾತಾಡ್ಸರಿ ಕಾಕಾ, ನೀವು ನೋಡಿದ ಊರಾಕಿನ ಬಂದಾಳ," ಎಂದು ಅಂಗಡಿಯ ಈರಣ್ಣ ಕೆಣಕಿದ.

ಮರ್ಯಾದೆಯ ಪ್ರಶ್ನೆ. ಬಸ್ಸಿಗೆ ಕಾಯುತ್ತಿದ್ದ ಅಕ್ಕನ ಮಗಳು ಇಂಗ್ಲಿಷ್ ಟೀಚರು. ಅವಳನ್ನು ನಡುವೆ ಕೂಡಿಸಿಕೊಂಡು ಶುರು ಮಾಡಿದೆ. "ರೋಮಿನ್ಯಾಗ ಕಾರಂಜಿ ದಾಟಿ ಸ್ಕೂಟರ್ ಎಡಕ್ಕ ಹೊಳ್ಳಿಸಿದ್ರ ವೆನಿಸ್ಸಿನ ನೀರು ಬರ್ತೈತಿ."

ಆಕೆ ಕಣ್ಣು ಕಣ್ಣು ಬಿಟ್ಟು ಇಂಗ್ಲಿಷಿನಲ್ಲಿ ಏನೋ ಅಂದಳು.

"ರೈಲಿಗೆ ಹೋದ್ರೂ ತಾಸುಗಟ್ಟಲೆ ಹಿಡಿತೈತಂತ ಮಾಮಾ," ಎಂದಳು ಅಕ್ಕನ ಮಗಳು.

ನನಗೂ ಗೊಂದಲ. ಸಿನಿಮಾದ ಜೋಡಿ ರೆಪ್ಪೆ ಬಡಿಯುವುದರೊಳಗೆ ತಲುಪಿತ್ತಲ್ಲ! ಈರಣ್ಣ ಚಹಾ ಸೋಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ಆಕಿ ದೊಡ್ಡ ರಸ್ತೆ ಹಿಡಿದಿರಬೇಕವ್ವಾ. ನಂದು ಒಳದಾರಿ," ಎಂದೆ.

ಆಕೆ ಫೋನಿನಲ್ಲಿ ನಕ್ಷೆ ತೆರೆದು ಮುಂದೆ ಹಿಡಿದಳು. ಹೊಲ, ಗುಡ್ಡ ಒಂದನ್ನೂ ಬಿಡದೆ ಬೆರಳೆಳೆದೆ. ಪಾಪ, ಎಲ್ಲ ಬರೆದುಕೊಂಡು ಹೋದಳು. ಇಟಲಿಯಲ್ಲಿ ಸ್ಕೂಟರೊಂದು ನೀರಿಗೆ ಬಿದ್ದ ಸುದ್ದಿ ಕೇಳಿದರೆ ದಯವಿಟ್ಟು ನನ್ನ ಹೆಸರು ಹೇಳಬೇಡಿ.