ಬಾಡಿಗೆ ಮನೆಗೆ ಹಾಕಿದ ಕೆಂಪು ನೆಲ

ಮಗಳ ಬಾಣಂತನಕ್ಕೆ ಮನೆ ಬೇಕು ಅಂತ ಓನರಮ್ಮ ನಮ್ಮನ್ನ ಖಾಲಿ ಮಾಡಿಸಲಿಲ್ಲ. ನೆಲ ಚೆನ್ನಾಗಿ ಬಂತು, ಅದಕ್ಕೆ ಮಾಡಿಸಿದರು. ಇದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಯಾರೂ ನನಗೆ "ಪಾಪ, ಅವರ ಕಷ್ಟ ಅವರಿಗೆ" ಅಂತ ಬುದ್ಧಿ ಹೇಳೋಕೆ ಬರಬಾರದು.

ಹೋದ ವಾರ ನಮ್ಮ ಬೀದಿ ಮೂಲೆಯಲ್ಲಿ ಒಂದು ಹಳೇ ಮನೆ ಕೆಡವಿದರು. ರಸ್ತೆ ಬದಿಗೆ ಸುರಿದಿದ್ದ ಕಲ್ಲುಮಣ್ಣಿನ ರಾಶಿಯಲ್ಲಿ ಅಂಗೈ ಅಗಲದ ಕೆಂಪು ನೆಲದ ಚೂರೊಂದು ಕಣ್ಣಿಗೆ ಬಿತ್ತು. ಎತ್ತಿಕೊಂಡು ಸೆರಗಿನಲ್ಲಿ ಧೂಳು ಒರೆಸಿದೆ. ಹೊಳೀತು. ಜೊತೆಗಿದ್ದ ಮೊಮ್ಮಗಳು "ಅಜ್ಜಿ, ಕಸ ಯಾಕೆ ಮುಟ್ತೀಯಾ, ಬಿಸಾಕು" ಅಂದಳು. ಕಸವೇ. ಬಿಸಾಕಿದೆ. ಆದರೆ ಓನರಮ್ಮ ಹಾಗೆ ಬಿಸಾಕಿದ ತಕ್ಷಣ ಹೋಗೋ ಹೆಂಗಸಲ್ಲ... ಒಂದು ವಾರದಿಂದ ತಲೆಯಲ್ಲೇ ಕೂತು ಎಲೆಅಡಿಕೆ ಅಗೀತಾ ಇದ್ದಾರೆ.

ಎಂಬತ್ತರ ಇಸವಿ ಆದ ಮೇಲಿನ ಮಾತು. ಆಗಿನ ಮಾರೇನಹಳ್ಳಿ ಅರ್ಧ ಹಳ್ಳಿ, ಅರ್ಧ ಪೇಟೆ. ಓನರಮ್ಮನದು ಅಲ್ಲಿನ ಹಳೇ ಒಕ್ಕಲು ಮನೆತನ. ಹೊಲವೆಲ್ಲ ಸೈಟಾಗಿ ಹೋಗಿತ್ತು. ಉಳಿದ ತುಂಡು ಜಾಗದಲ್ಲಿ ಸಾಲಾಗಿ ಮೂರು ಬಾಡಿಗೆ ಮನೆ ಕಟ್ಟಿಸಿದ್ದರು. ಎದುರಿಗೇ ಅವರ ಹೆಂಚಿನ ಮನೆ. ಗಂಡ ಜಗಲಿ ಮೇಲೆ ಬೀಡಿ ಸೇದುತ್ತಾ ಕೂತಿರೋರು, ಮನೆಯ ಮಾತೆಲ್ಲ ಓನರಮ್ಮನದೇ. ಕೊನೇ ಮನೆಗೆ ನಾವು ಬಂದ್ವಿ. ನಾವು ಅಂದರೆ ನಾನು, ನಮ್ಮ ಯಜಮಾನರು, ಇನ್ನೂ ಅಂಬೆಗಾಲಿಡುತ್ತಿದ್ದ ನನ್ನ ಮಗ. ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಂದು ಶಿಫ್ಟು.

ಓನರಮ್ಮ ಕೆಟ್ಟವರು ಅಂತ ಹೇಳಿಬಿಟ್ಟರೆ ಸುಲಭ. ಆದರೆ ಹಾಗಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಮೊರದ ತುಂಬ ತಂದು ಹೊಸಲಿನ ಮೇಲೆ ಸುರಿದು, "ಕೂತ್ಕೊಳಮ್ಮಿ, ಸುಲಿಯನ" ಅನ್ನೋರು. ಸುಲಿದದ್ದರಲ್ಲಿ ಅರ್ಧ ನನಗೆ. ನನ್ನ ಮಗನಿಗೆ ಜ್ವರ ಬಂದಾಗ ಆಸ್ಪತ್ರೆ ಬೆಂಚಿನ ಮೇಲೆ ನನ್ನ ಜೊತೆ ಕೂತು, ಡಾಕ್ಟರ ಹತ್ತಿರ ನನಗಿಂತ ಜೋರು ಮಾಡಿದರು. ಬಾಯಿ ಮಾತ್ರ ಕತ್ತರಿ. ನನ್ನ ಸಾರು ತಿಂದು "ನಿಮ್ಮ ಕಡೆ ಹುಳಿ ಬಿಟ್ಟಿ ಸಿಗ್ತದೇನಮ್ಮಿ?" ಅನ್ನೋರು. "ಬಿಟ್ಟಿ ತಿನ್ನೋರಿಗೆ ಏನಂತೆ ಕಣವ್ವಾ" ಅಂತ ನಾನೂ ಅನ್ನುತ್ತಿದ್ದೆ. ನಕ್ಕು ಇನ್ನೊಂದು ಸೌಟು ಹಾಕಿಸಿಕೊಳ್ಳೋರು.

ಮೊದಲ ವರ್ಷದ ಗೌರಿ ಹಬ್ಬದಲ್ಲಿ ಕೇಳಿದರು.

"ತವರಿಂದ ಬಾಗಿನ ಬಂತಾ?"

"ತವರು ಅಂತ ಇಲ್ಲ ಕಣವ್ವಾ. ಅಮ್ಮ ನಾನು ಚಿಕ್ಕೋಳಿದ್ದಾಗಲೇ ಹೋದರು. ಚಿಕ್ಕಪ್ಪ ಸಾಕಿದ್ದು. ಚಿಕ್ಕಮ್ಮನಿಗೆ ನನ್ನ ಕಳಿಸಿದ್ದೇ ದೊಡ್ಡ ಹಬ್ಬ."

ಎದ್ದು ಹೋದರು. ಸಂಜೆ ದೀಪ ಹಚ್ಚೋ ಹೊತ್ತಿಗೆ ಕರೆದು, ಅವರ ದೇವರ ಮನೆ ಮುಂದೆ ಮಣೆ ಮೇಲೆ ಕೂರಿಸಿ, ನನ್ನ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಬಟ್ಟೆ ಹಾಕಿ ಮಡಿಲಕ್ಕಿ ಕಟ್ಟಿದರು. ಹೆತ್ತ ಮಗಳಿಗೆ ಕಟ್ಟೋ ಹಾಗೆ. "ಇವತ್ತಿಂದ ಇದೇ ನಿನ್ನ ತವರು ಕಣಮ್ಮಿ. ನಿನ್ನ ಮನೆ ಇದು" ಅಂದರು.

ನಾನು ಅಳೋ ಪೈಕಿ ಅಲ್ಲ. ಅವತ್ತು ಅತ್ತೆ. ಮಡಿಲಕ್ಕಿ ಕಟ್ಟಿಸಿಕೊಂಡ ಮಗಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನ ತವರಿನ ದೇವರ ಮುಂದೆ ವಾಪಸ್ಸು ಹಾಕಿ ಹೋಗಬೇಕು, ತವರು ತಣ್ಣಗಿರಲಿ, ಬರಿದಾಗದಿರಲಿ ಅಂತ. ಆವರೆಗೂ ಬೇರೆ ಹೆಂಗಸರು ಹಾಕೋದನ್ನ ನೋಡಿದ್ದೆ ಅಷ್ಟೇ. ಅವತ್ತು ನಾನೂ ಹಾಕಿದೆ. ಒಂದು ಹಿಡಿ ಅಲ್ಲ, ಎರಡೂ ಕೈ ತುಂಬ ಹಾಕಿದೆ.

ನೆಲ ಹಾಕಬೇಕು ಅಂತ ತಲೆಗೆ ಬಂದಿದ್ದು ಆಮೇಲೆ. ಆ ಮನೆ ನೆಲ ಅಂದರೆ ಹೆಸರಿಗೆ ನೆಲ. ಸಿಮೆಂಟು ಕಿತ್ತು ಗುಳಿ ಬಿದ್ದಿತ್ತು. ಬಿರುಕಿನಿಂದ ಇರುವೆ ಎದ್ದು ಬಂದು ಮಲಗಿದ್ದ ಕೂಸಿನ ಕಿವಿ ಹತ್ತಿರ ಸಾಲು ಕಟ್ಟೋವು. ಎಷ್ಟು ಗುಡಿಸಿದರೂ ಮಣ್ಣು ಮುಗೀತಿರಲಿಲ್ಲ. ಮದುವೆಗೆ ಮುಂಚೆ ನಾನು ಚಿಕ್ಕಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಕೈಗೆ ಗಾರೆ ಹೊರೋ ಬಾಂಡ್ಲಿ ಕೊಟ್ಟಿದ್ದರು. ಕರಣೆ ಹಿಡಿಯೋದು ಹೇಗೆ, ಕೆಂಪು ಪುಡಿ ಎಷ್ಟು ಬೆರೆಸಬೇಕು, ಎಲ್ಲ ಬರುತ್ತಿತ್ತು.

ಯಜಮಾನರಿಗೆ ಹೇಳಿದರೆ ತಲೆ ಮೇಲೆ ಕೈ ಹೊತ್ತರು. "ಬಾಡಿಗೆ ಎತ್ತಿನ ಕೊಂಬಿಗೆಲ್ಲ ಹಿತ್ತಾಳೆ ತೊಡಿಸ್ತಾರೇನೇ ಯಾರಾದ್ರೂ?"

"ಅದು ಬಾಡಿಗೆ ಮನೆ ಅಲ್ಲ. ನನ್ನ ತವರುಮನೆ."

"ತವರುಮನೆಗೆ ತಿಂಗಳು ತಿಂಗಳು ಬಾಡಿಗೆ ಕಟ್ಟೋ ಅಳಿಯ ನಾನೊಬ್ಬನೇ ಇರಬೇಕು" ಅಂದರು. ಆದರೂ ದಸರಾ ರಜದಲ್ಲಿ ಹಾರೆ ತಂದರು.

ಅರ್ಧ ಮನೆ ಒಂದು ಸಲ, ಇನ್ನರ್ಧ ಇನ್ನೊಂದು ಸಲ ಅಂತ ಮಾಡಿದ್ವಿ. ಒಲೆ ಹಿತ್ತಿಲಿಗೆ ಹೋಯಿತು. ಹಳೇ ನೆಲ ಅಗೆದು, ಇರುವೆ ಗೂಡು ಕಿತ್ತು, ಮಣ್ಣು ಬಡಿದು, ಜಲ್ಲಿ ಹಾಕಿ, ಕಾಂಕ್ರೀಟು ಮಟ್ಟ ಮಾಡಿದ್ದು ಯಜಮಾನರು. ಮೇಲಿನ ಕೆಂಪು ಮಾತ್ರ ನನ್ನದೇ ಕೈ. ಅದನ್ನ ಇನ್ನೊಬ್ಬರ ಕೈಗೆ ಕೊಡೋಕಾಗಲ್ಲ. ಕೆಂಪು ಜಾಸ್ತಿಯಾದರೆ ಬಿರುಕು ಬಿಡುತ್ತೆ, ಕಮ್ಮಿಯಾದರೆ ಇಟ್ಟಿಗೆ ಪುಡಿ ಚೆಲ್ಲಿದ ಹಾಗೆ ಕಾಣುತ್ತೆ. ಗಾರೆ ಹಸಿ ಇರೋವಾಗಲೇ ಮಂಡಿಯೂರಿ ಕೂತು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಕರಣೆಯಲ್ಲಿ ತಿಕ್ಕಬೇಕು. ತಿಕ್ಕಿ ತಿಕ್ಕಿ ಒಳಗಿನ ನುಣುಪು ಮೇಲೆ ಬರಬೇಕು. ನಡುವೆ ನಿಲ್ಲಿಸಿದರೆ ನಿಲ್ಲಿಸಿದ ಜಾಗ ಜೀವನಪೂರ್ತಿ ಕಾಣುತ್ತೆ.

ಓನರಮ್ಮ ದಿನಾ ಹೊಸಲಿನ ಹೊರಗೆ ಕೂತು ನೋಡೋರು.

"ಅಲ್ಲಿ ಉಬ್ಬೈತೆ ನೋಡಮ್ಮಿ."

"ಉಬ್ಬಿರೋದು ನಿಮ್ಮ ಕಣ್ಣು ಕಣವ್ವಾ. ಮಟ್ಟ ಇಟ್ಟು ನೋಡಿದೀನಿ."

"ನಮ್ಮ ಮನೆಗೂ ಒಂದು ನೆಲ ಹಾಕ್ಕೊಡೀಯಂತೆ."

"ಹಾಕ್ಕೊಡ್ತೀನಿ. ನಿಮ್ಮ ಬಾಯಿಗೂ ಒಂದು ಪಟ್ಟು ಗಾರೆ ಮಿಕ್ಕಿಸ್ತೀನಿ."

ಜಗಲಿ ಮೇಲಿದ್ದ ಗಂಡ ಬೀಡಿ ಕೆಳಗಿಟ್ಟು ನಗೋರು. ಆ ಮನುಷ್ಯ ನಕ್ಕಿದ್ದನ್ನ ನಾನು ನೋಡಿದ್ದು ಆ ದಿನಗಳಲ್ಲೇ.

ಗೋಡೆ ಪಕ್ಕ ಪಕ್ಕ ಸುತ್ತಲೂ ಎರಡು ಬೆರಳು ಅಗಲ ಕಪ್ಪು ಅಂಚು ಕೊಟ್ಟೆ, ಸೀರೆಗೆ ಕೊಟ್ಟ ಹಾಗೆ. ನೀರು ಕಟ್ಟಿ ನಿಲ್ಲಿಸಿ, ನೆಲ ಗಟ್ಟಿಯಾದ ಮೇಲೆ ಕೊಬ್ಬರಿ ಎಣ್ಣೆ ಹಾಕಿ ಹಳೇ ಪಂಚೆಯಲ್ಲಿ ಉಜ್ಜಿದೆ. ದಿನಾ ಉಜ್ಜಿದೆ. ಉಜ್ಜದೆ ಇದ್ದರೆ ನಿದ್ದೆ ಬರುತ್ತಿರಲಿಲ್ಲ, ಅಷ್ಟು ಹುಚ್ಚು. ಕೊನೆಗೆ ಅದು ಹೇಗೆ ಬಂತು ಅಂದರೆ, ಬಾಗಿಲಲ್ಲಿ ನಿಂತವರ ನೆರಳು ಒಳಗಿನ ನೆಲದ ಮೇಲೆ ಬಣ್ಣದ ಸಮೇತ ಕಾಣೋದು. ಕೂಸು ಅದರ ಮೇಲೆ ಅಂಗಾತ ಮಲಗಿ ಕಾಲು ಬಡಿಯೋದು. ಮಧ್ಯಾಹ್ನ ಮಲಗೋಕೆ ಚಾಪೆ ಬೇಡ. ಸಾಲಿನವರು, ಹಿಂದಿನ ಬೀದಿಯವರು ಎಲ್ಲ ಬಂದು ನೋಡಿ ಹೋದರು. ಓನರಮ್ಮನೇ ಕರೆತಂದು ತೋರಿಸೋರು, "ನನ್ನ ಮಗಳು ಹಾಕಿರೋದು" ಅಂತ.

ಆ ದೀಪಾವಳಿಗೆ ಅವರ ಹೆತ್ತ ಮಗಳು, ಅಳಿಯ ಬಂದಿದ್ದರು. ಅಳಿಯ ಆಫೀಸಿನಲ್ಲಿ ಗುಮಾಸ್ತ, ಮಾತು ಕಮ್ಮಿ. ಕಾಫಿಗೆ ಕರೆದೆ. ಆತ ಚಪ್ಪಲಿ ಬಿಟ್ಟು ಒಳಗೆ ಬಂದವನು ಕೂರಲಿಲ್ಲ. ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದ. ಬಗ್ಗಿ ಅಂಗೈ ಇಟ್ಟು ನೋಡಿದ. "ತಣ್ಣಗಿದೆ" ಅಂದ. ಹೆಂಡತಿ ಮುಖ ನೋಡಿದ. ಆಕೆ ಅಮ್ಮನ ಮುಖ ನೋಡಿದಳು. ನಾನು ಕಾಫಿ ಲೋಟ ಹಿಡಿದುಕೊಂಡು ಹೆಮ್ಮೆಯಲ್ಲಿ ನಿಂತಿದ್ದೆ, ದಡ್ಡಿ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಓನರಮ್ಮ ಬಂದರು. ಕೈಯಲ್ಲಿ ಮೊರ ಇರಲಿಲ್ಲ. ಒಳಗೂ ಬರಲಿಲ್ಲ, ಹೊಸಲ ಮೇಲೆ ಕೂತರು.

"ಮಗಳು ಹೆರಿಗೆಗೆ ಬತ್ತಾವಳೆ ಕಣಮ್ಮಿ. ಅಳಿಯನೂ ಇಲ್ಲೇ ಇರ್ತಾನಂತೆ. ಮನೆ ಬೇಕು."

"ನಡುವಿನ ಮನೆ ಖಾಲಿ ಇದೆಯಲ್ಲವ್ವಾ." ಅದರ ಬಾಡಿಗೆಯವರು ಹೊಸ ವರ್ಷಕ್ಕೆ ಮುಂಚೆಯೇ ಬಿಟ್ಟು ಹೋಗಿದ್ದರು.

"ಅದರ ನೆಲ ಸರಿಯಿಲ್ಲ. ಇರುವೆ ಬತ್ತವೆ. ಕೂಸು ಮಲಗೋ ಜಾಗ."

ಹಾಗೇ ಅಂದರು. ಮುಚ್ಚುಮರೆ ಇಲ್ಲದೆ. ಸುಳ್ಳು ಹೇಳಿದ್ದರೆ ನನಗೆ ಅಷ್ಟು ಉರೀತಿರಲಿಲ್ಲ... ನನ್ನ ಕೂಸು ಆಗ ಅದೇ ನೆಲದ ಮೇಲೆ ಕೂತು ತಟ್ಟೆ ಬಡಿಯುತ್ತಿತ್ತು.

"ಅದಕ್ಕೂ ನೆಲ ಹಾಕ್ಕೊಡ್ತೀನಿ. ಹೆರಿಗೆ ಒಳಗೆ ಮುಗಿಸ್ತೀನಿ."

"ಅಳಿಯ ಇದನ್ನೇ ಒಪ್ಪಿರೋದು."

"ನಾನೂ ನಿಮ್ಮ ಮಗಳು ಅಂತ ಅಂದಿದ್ರಲ್ಲವ್ವಾ?"

ಅದಕ್ಕೆ ಅವರು ಸಿಟ್ಟಾಗಲಿಲ್ಲ, ಮುಖ ತಗ್ಗಿಸಲೂ ಇಲ್ಲ. ಬುದ್ಧಿ ಇಲ್ಲದ ಹುಡುಗಿಗೆ ತಿಳಿಸಿ ಹೇಳೋ ಹಾಗೆ ಹೇಳಿದರು. "ಮಗಳೇ ಕಣಮ್ಮಿ. ಅಲ್ಲ ಅಂದೋರು ಯಾರು? ಮಗಳನ್ನ ಯಾರಾದ್ರೂ ಮನೇಲಿ ಇಟ್ಕತ್ತಾರಾ? ಕಳಿಸೇ ಕಳಿಸ್ತಾರೆ."

ಯಜಮಾನರು ಕೆಲಸದಿಂದ ಬಂದು ಎಲ್ಲ ಕೇಳಿಸಿಕೊಂಡರು. "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಮೂಲೆಯಲ್ಲಿದ್ದ ಹಾರೆ ತೋರಿಸಿ, "ಅಗೆದು ಹಾಕೋಣ್ವಾ? ನಾವು ಹಾಕಿದ್ದು, ನಾವೇ ತೆಗೀತೀವಿ" ಅಂದರು. ನಾನು ನೆಲ ನೋಡಿದೆ. ಒಂದು ಕಡೆಯೂ ಕರಣೆ ನಿಂತ ಗುರುತಿರಲಿಲ್ಲ. ಬೇಡ ಅಂದೆ. ಓನರಮ್ಮನ ಮೇಲಿನ ಪ್ರೀತಿಗಲ್ಲ. ಅಷ್ಟು ಚೆನ್ನಾಗಿ ಬಂದದ್ದನ್ನ ಒಡೆಯೋ ಕೈ ನನ್ನದಾಗಬಾರದು ಅಂತ.

ಖಾಲಿ ಮಾಡಿದ ದಿನ ಟೆಂಪೋಗೆ ಸಾಮಾನು ಏರಿಸಿದ್ವಿ. ಹೊಸ ಮನೆ ಸಿಕ್ಕಿದ್ದು ದೂರ, ಕೆಂಗೇರಿ ಉಪನಗರದಲ್ಲಿ. ಅಡ್ವಾನ್ಸು ಪೂರ್ತಿ ವಾಪಸ್ಸು ಕೊಟ್ಟಿದ್ದರು, ಆ ತಕರಾರೇನಿಲ್ಲ. ಹೊರಡೋ ಹೊತ್ತಿಗೆ ಓನರಮ್ಮ ತಟ್ಟೆ ಹಿಡಿದು ಬಂದರು. ಅರಿಶಿನ, ಕುಂಕುಮ, ಅಕ್ಕಿ, ಬೆಲ್ಲ, ಕಾಯಿ, ಹಸಿರು ರವಿಕೆ ಬಟ್ಟೆ. ಬೀದಿಯವರೆಲ್ಲ ನೋಡುತ್ತಿದ್ದರು. ಅಲ್ಲೇ ಅವರ ಜಗಲಿ ಮೇಲೆ ಕೂರಿಸಿ ಮಡಿಲಕ್ಕಿ ಕಟ್ಟಿದರು. ಕಟ್ಟುವಾಗ ಅವರ ಕಣ್ಣಲ್ಲಿ ನೀರು. ನಿಜವಾದ ನೀರು. ಅದೇ ನನಗೆ ಇವತ್ತಿಗೂ ಸಹಿಸೋಕಾಗಲ್ಲ.

ಮಡಿಲಕ್ಕಿ ಬೇಡ ಅನ್ನಬಾರದು. ಬೇಡ ಅಂದರೆ ನನ್ನ ಗಂಡ ಮಕ್ಕಳಿಗೇ ಕೇಡು ಅಂತ ನಂಬಿ ಬೆಳೆದವಳು ನಾನು. ಸುಮ್ಮನೆ ಕಟ್ಟಿಸಿಕೊಂಡೆ.

"ಒಂದು ಹಿಡಿ ದೇವ್ರಿಗೆ ಹಾಕ್ಬಿಟ್ಟು ಹೋಗಮ್ಮಿ" ಅಂತ ದೇವರ ಮನೆ ಕಡೆ ಕೈ ತೋರಿಸಿದರು.

"ತವರು ತಣ್ಣಗಿರಲಿ ಅಂತ ಹಾಕೋದಲ್ವಾ ಅದು?"

"ಹೂಂ ಮತ್ತೆ."

"ನನಗೆಲ್ಲಿದೆ ಕಣವ್ವಾ ತವರು" ಅಂದೆ. ಸೆರಗಿನ ಗಂಟು ಬಿಗಿ ಮಾಡಿಕೊಂಡು ಟೆಂಪೋ ಹತ್ತಿದೆ.

ಓನರಮ್ಮನ ಮುಖ ಬಿಳಿಚಿಕೊಂಡಿತು. ಮಗಳು ಬಸುರಿ, ಮನೆಯಿಂದ ಹೆಣ್ಣುಮಗಳೊಬ್ಬಳು ಹಿಡಿ ಹಾಕದೆ ಹೋದಳು. ಅವರು ಅದಕ್ಕೆ ಹೆದರುತ್ತಾರೆ ಅಂತ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ತಪ್ಪು ಮಾಡಿದೆ ಅಂತ ಈಗಲೂ ಅನ್ನಿಸಿಲ್ಲ. ಅವರಿಗೆ ಕೇಡೇನೂ ಆಗಲಿಲ್ಲ ಬಿಡಿ. ಮಗಳು ಸುಖವಾಗಿ ಹೆತ್ತಳು, ಬಾಣಂತನ ಮುಗಿದ ಮೇಲೂ ಆ ಮನೆ ಬಿಡಲಿಲ್ಲ. ಅಲ್ಲೇ ಸಂಸಾರ ಹೂಡಿದರು.

ಎಷ್ಟೋ ವರ್ಷ ಆದ ಮೇಲೆ ಒಂದು ಸಲ ವಿಜಯನಗರದ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದರು. ಬಗ್ಗಿ ಹೋಗಿದ್ದರು. ಹೇಗಿದ್ದೀಯ ಅಂತ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು, "ನೆಲ ಹಂಗೇ ಐತೆ ಕಣಮ್ಮಿ. ಒಂದು ಬಿರುಕಿಲ್ಲ" ಅಂದರು. ನನಗೆ ಗೊತ್ತಿಲ್ಲದ್ದನ್ನ ಹೇಳೋ ಹಾಗೆ. ಕೈ ಬಿಡಿಸಿಕೊಂಡು ಬಂದೆ. ಆಮೇಲೆ ಅವರು ಹೋದ ಸುದ್ದಿ ತಿಥಿಯೆಲ್ಲ ಮುಗಿದ ಮೇಲೆ ಬಂತು. ಮುಂಚೆ ಬಂದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ...

ಈಗ ನನಗೆ ಸ್ವಂತ ಮನೆ ಇದೆ. ಸೊಸೆ ಒಳ್ಳೆಯವಳು. ಆದರೆ ಆ ದಿನ ಬಿಟ್ಟರೆ ಆಮೇಲೆ ಯಾರೂ ನನಗೆ ಮಡಿಲಕ್ಕಿ ಕಟ್ಟಿಲ್ಲ. ಹುಟ್ಟಿದ್ದಕ್ಕೆ ಎರಡೇ ಸಲ, ಎರಡೂ ಅವರ ಕೈಯಿಂದ. ಅದನ್ನ ಕಳಕೊಂಡದ್ದು ಕಳಕೊಂಡದ್ದೇ. ಇಲ್ಲ ಅಂತ ಹೇಳಿ ಯಾರಿಗೆ ಮೋಸ ಮಾಡಲಿ?

ಇದನ್ನೆಲ್ಲ ಕೇಳಿ ಮೊಮ್ಮಗಳು, "ಆಮೇಲೆ ಏನ್ ಮಾಡ್ದೆ ಅಜ್ಜಿ, ತುಂಬಾ ಅತ್ತಾ?" ಅಂದಳು.

ಅಳಲಿಲ್ಲ. ಮಾರನೇ ಬೆಳಗ್ಗೆ ಎದ್ದು, ಯಜಮಾನರನ್ನ ಕೆಲಸಕ್ಕೆ ಕಳಿಸಿ, ಗಂಟುಮೂಟೆ ಬಿಚ್ಚೋದನ್ನ ಅಲ್ಲಿಗೇ ಬಿಟ್ಟು, ಕೂಸನ್ನ ಸೊಂಟಕ್ಕೆ ಹಾಕಿಕೊಂಡು ಹೊರಟೆ. ಉಪನಗರದಲ್ಲಿ ಆಗ ಎಲ್ಲಿ ನೋಡಿದರೂ ಕಟ್ಟಡ. ಒಂದು ಮನೆ ಒಳಗೆ ನೆಲದ ಕೆಲಸ ನಡೆಯುತ್ತಿತ್ತು.

"ಆಳು ಬೇಕೇನಣ್ಣಾ?" ಅಂತ ಮೇಸ್ತ್ರಿಯನ್ನ ಕೇಳಿದೆ.

"ಬಾಂಡ್ಲಿ ಹೊರೋಕೆ ಹೆಣ್ಣಾಳು ಸಾಕಷ್ಟು ಅವರೆ ಕಣಮ್ಮ."

"ಬಾಂಡ್ಲಿ ಹೊರೋಕಲ್ಲ. ಕೆಂಪು ತಿಕ್ಕೋಕೆ. ಕೂಲಿ ಎಷ್ಟು ಕೊಡ್ತೀರಿ ಅದನ್ನ ಮೊದಲು ಹೇಳಿ."

ಆತ ಹಲ್ಲು ಕಿರಿದ. ಕೂಲಿ ಹೇಳಿದ. ಕೂಸನ್ನ ಮರಳು ರಾಶಿ ಮೇಲೆ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆತ ತೋರಿಸಿದ ಮೂಲೆಯಲ್ಲಿ ಮಂಡಿಯೂರಿದೆ.